ಚಿನ್ನದ ರವೆಗಳ ಬೆಸುಗೆ: ಎಟ್ರಸ್ಕನ್ ಒಡವೆಗಳ ಒಂದು ಸಮಸ್ಯೆ

ಇಟಲಿಯ ಚೆರ್ವೆತೆರಿಯಲ್ಲಿ 1836ರಲ್ಲಿ ತೆರೆಯಲಾದ ರೆಗೊಲಿನಿ-ಗಲಾಸ್ಸಿ ಸಮಾಧಿಯಲ್ಲಿ ಕ್ರಿ. ಪೂ. ಏಳನೆಯ ಶತಮಾನದ ಎಟ್ರಸ್ಕನ್ ಚಿನ್ನದ ಒಡವೆಗಳು ದೊರೆತುವು. ಇಂಥ ಒಡವೆಗಳ ಮೇಲೆ ಸಾಸಿವೆಗಿಂತಲೂ ಸಣ್ಣವಾದ ಚಿನ್ನದ ರವೆಗಳನ್ನು ಸಾಲುಸಾಲಾಗಿ ಕೂರಿಸಿ ಅಲಂಕಾರವನ್ನು ರಚಿಸಿರುವುದುಂಟು. ರವೆಗಳು ಭದ್ರವಾಗಿ ಅಂಟಿವೆ. ಆದರೆ ಬೆಸುಗೆಯ ಲೋಹವು ಹರಿದ ಗುರುತು ಕಣ್ಣಿಗೆ ಬೀಳುವುದಿಲ್ಲ. ಇದು ಹೇಗೆ ಸಾಧ್ಯವಾಯಿತೆಂಬುದೇ ಇಲ್ಲಿಯ ಪ್ರಶ್ನೆ.

ಸಾಮಾನ್ಯ ಬೆಸುಗೆಯಲ್ಲಿ ಚಿನ್ನಕ್ಕಿಂತ ಬೇಗ ಕರಗುವ ಮಿಶ್ರಲೋಹದ ತುಣುಕನ್ನು ಬಿಳಿಗಾರದೊಡನೆ ಇಟ್ಟು ಕಾಯಿಸುತ್ತಾರೆ. ಕರಗಿದ ಲೋಹವು ಸಂದುಗಳಿಗೆ ಹರಿಯುತ್ತದೆ. ಬಳೆಗೆ ಇದು ಸಾಕು. ರವೆಗಳ ಸಾಲಿಗಾದರೋ ಸಂದುಗಳೆಲ್ಲ ತುಂಬಿ, ರವೆಗಳು ಮುಳುಗಿಹೋಗುವುವು. ಹತ್ತೊಂಬತ್ತನೆಯ ಶತಮಾನದಲ್ಲಿ ರೋಮಿನ ಫೊರ್ತುನಾತೊ ಪಿಯೊ ಕಾಸ್ತೆಲ್ಲಾನಿಯೂ ಅವನ ಮಕ್ಕಳೂ ಸಾಂತಾಂಜೆಲೊ ಇನ್ ವಾದೊ ಎಂಬ ಊರಿನಿಂದ ಕುಶಲಿಗಳನ್ನು ಕರೆತಂದು ಬಹುವಾಗಿ ಶ್ರಮಿಸಿದರು. ಆದರೂ ಪ್ರಾಚೀನರ ಸೂಕ್ಷ್ಮತೆಯನ್ನು ಮುಟ್ಟಲಾಗಲಿಲ್ಲ.

1933ರಲ್ಲಿ ಇಂಗ್ಲೆಂಡಿನ ಎಚ್. ಎ. ಪಿ. ಲಿಟ್ಲ್‌ಡೇಲ್ ಎಂಬಾತನು ಒಂದು ವಿಧಾನಕ್ಕೆ ಪೇಟೆಂಟ್ ಪಡೆದನು. ತಾಮ್ರದ ಲವಣವನ್ನು ಅಂಟಿನೊಡನೆ ಬೆರೆಸಿ, ಅದರಿಂದ ರವೆಗಳನ್ನು ಕೂರಿಸಿ ಕಾಯಿಸಬೇಕು. ಲವಣವು ತಾಮ್ರದ ಆಕ್ಸೈಡಾಗುತ್ತದೆ. ಅಂಟು ಸುಟ್ಟು ಇದ್ದಿಲಾಗುತ್ತದೆ. ಇದ್ದಿಲು ಆಕ್ಸೈಡಿನಿಂದ ಆಮ್ಲಜನಕವನ್ನು ಸೆಳೆದು ಶುದ್ಧ ತಾಮ್ರವನ್ನು ಉಳಿಸುತ್ತದೆ. ಚಿನ್ನವು 1064 ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ತಾಮ್ರವು 1085 ಡಿಗ್ರಿಯಲ್ಲಿಯೂ ಕರಗುತ್ತವೆ. ತೂಕದಲ್ಲಿ ನಾಲ್ಕು ಪಾಲು ಚಿನ್ನಕ್ಕೆ ಒಂದು ಪಾಲು ತಾಮ್ರ ಬೆರೆತರೆ ಸುಮಾರು 910 ಡಿಗ್ರಿಯೇ ಸಾಕು. ಆದುದರಿಂದ ರವೆಯು ತಗಡನ್ನು ಮುಟ್ಟುವ ಬಿಂದುವಿನಲ್ಲಿ ಮಾತ್ರ ಲೋಹವು ಕರಗಿ ಕೂಡಿಕೊಳ್ಳುತ್ತದೆ. ಉಳಿದ ಭಾಗವು ಹಾಗೆಯೇ ನಿಲ್ಲುತ್ತದೆ.

ಗಮನಾರ್ಹವಾದ ಸಂಗತಿಯೆಂದರೆ, ಇದರ ಸುಳಿವು ಗ್ರಂಥಗಳಲ್ಲಿ ಮೊದಲೇ ಇದ್ದಿತು. ಕ್ರಿ. ಶ. 79ರಲ್ಲಿ ಮಡಿದ ಪ್ಲಿನಿಯು ತನ್ನ ‘ನ್ಯಾಚುರಲ್ ಹಿಸ್ಟರಿ’ಯ 33ನೆಯ ಸಂಪುಟದಲ್ಲಿ, ಅಕ್ಕಸಾಲಿಗರು ಚಿನ್ನವನ್ನು ಬೆಸೆಯಲು ತಾಮ್ರದ ಕಿಲುಬು, ಬಾಲಕರ ಮೂತ್ರ ಮತ್ತು ಒಂದು ಬಗೆಯ ಕ್ಷಾರವನ್ನು ಬೆರೆಸುತ್ತಿದ್ದರೆಂದು ಬರೆದಿದ್ದಾನೆ. ಹದಿನಾರನೆಯ ಶತಮಾನದ ಚೆಲ್ಲೀನಿಯೂ ತಾಮ್ರದ ಕಿಲುಬು ಸೇರಿದ ಬೆಸುಗೆಯನ್ನು ವಿವರಿಸಿದ್ದಾನೆ. ಇನ್ನು ಅಂಟಿನ ವಿಷಯ: ಭಾರತದ ಅಕ್ಕಸಾಲಿಗರು ಅರೆದ ಗುಲಗಂಜಿಯಿಂದ ಒಡವೆಯ ಸಣ್ಣ ಭಾಗಗಳನ್ನು ಕೂರಿಸುವುದುಂಟು.

ಹೀಗೆಂದು ಎಟ್ರಸ್ಕನ್ ಒಡವೆಗಳೆಲ್ಲವೂ ಇದೇ ವಿಧಾನದಿಂದ ಆದುವೆಂದು ನಿರ್ಣಯಿಸುವುದು ದುಡುಕಾದೀತು. ತಾಮ್ರದ ನೆರವಿಲ್ಲದೆ, ಕೇವಲ ಕಾವಿನ ಹದದಿಂದಲೂ ರವೆಗಳನ್ನು ಕೂಡಿಸಬಹುದು. ಬೆಸೆದ ಬಿಂದುವಿನಲ್ಲಿ ಸುತ್ತಲಿಗಿಂತ ಹೆಚ್ಚು ತಾಮ್ರವಿದೆಯೇ ಎಂದು ಒಂದೊಂದು ಒಡವೆಯಲ್ಲಿಯೂ ಪರೀಕ್ಷಿಸಬೇಕು. ‘ನಷ್ಟವಾದ ವಿದ್ಯೆ’ ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕು. ಅನೇಕ ವೇಳೆ ನಷ್ಟವಾಗುವುದು ವಿದ್ಯೆಯಲ್ಲ. ಗ್ರಂಥವನ್ನು ಓದುವವನಿಗೂ ಕುಲುಮೆಯ ಮುಂದೆ ಕುಳಿತವನಿಗೂ ಇರಬೇಕಾದ ಪರಿಚಯ. ಇತಿಹಾಸದ ವಿದ್ಯಾರ್ಥಿಯು ಅಕ್ಕಸಾಲಿಯ ಅಂಗಡಿಯನ್ನೂ ಒಂದು ಆಕರವೆಂದು ಎಣಿಸುವುದು ಯುಕ್ತ.