ಅಣಬೆ ಕೋಣೆಯಲ್ಲಿ ವಿದ್ಯುತ್ತಿನ ಎಚ್ಚರ

ಸೊರಬ ತಾಲ್ಲೂಕಿನ ಗುಡವಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಅಲ್ಲಿಯ ಪಕ್ಷಿಧಾಮ. ಮಳೆಗಾಲದಲ್ಲಿ ಕೆರೆಯ ನಡುವಣ ಮರಗಳ ಮೇಲೆ ಬಿಳಿ ಕೆಂಬರಲುಗಳು ಗೂಡು ಕಟ್ಟಿ ಮರಿಮಾಡುವುದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಹಕ್ಕಿಗಳಿಗೆ ಹಿತವಾದ ಆ ತೇವವೇ ಸುತ್ತಲಿನ ಮನೆಗಳ ಗೋಡೆಗಳನ್ನೂ ತಿಂಗಳುಗಟ್ಟಲೆ ಬಿಡದೆ ಹಿಡಿದಿರುತ್ತದೆ. ಒಂದು ಶ್ರಾವಣದಲ್ಲಿ ಆ ಭಾಗದ ಭಕ್ತರೊಬ್ಬರ ಮನೆಗೆ ಪೂಜೆಗೆಂದು ಹೋಗಿದ್ದಾಗ ಕಂಡ ಸಂಗತಿಯನ್ನು ಓದುಗ ಬಂಧುಗಳ ಗಮನಕ್ಕೆ ತರುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಪ್ರಸಾದವಾದ ಮೇಲೆ ಮನೆಯ ತಾಯಿ ತಾವು ಚಿಪ್ಪಣಬೆ ಬೆಳೆಯುವ ಕೋಣೆಯನ್ನು ಹೆಮ್ಮೆಯಿಂದ ತೋರಿಸಿದರು. ಹಿಂದೆ ಭತ್ತದ ಚೀಲ ಇಡುತ್ತಿದ್ದ ಮಣ್ಣಿನ ಗೋಡೆಯ ಕೋಣೆ ಅದು. ಕಬ್ಬಿಣದ ಆಂಗಲ್‌ಗಳಿಂದ ಮಾಡಿಸಿದ ರ‍್ಯಾಕಿನಲ್ಲಿ ಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲಗಳು, ಅವುಗಳ ಮೈಯಿಂದ ಹೊರಟ ಬಿಳಿಯ ಗೊಂಚಲುಗಳು. ನಾನು ರ‍್ಯಾಕಿನ ಕಂಬಕ್ಕೆ ಕೈಯಿಡಬೇಕು, ಅಷ್ಟರಲ್ಲಿ ಆಕೆ, “ಅಯ್ಯನವರೇ, ಅದನ್ನು ಮುಟ್ಟಬೇಡಿ, ಸಣ್ಣಗೆ ಜುಂ ಅನ್ನುತ್ತದೆ. ನಾವು ಚಪ್ಪಲಿ ಹಾಕಿಕೊಂಡೇ ಒಳಗೆ ಬರುತ್ತೇವೆ” ಎಂದರು. ಎಷ್ಟು ದಿನಗಳಿಂದ ಹೀಗೆ ಎಂದು ಕೇಳಿದೆ. “ಮಳೆ ಹಿಡಿದಾಗಿನಿಂದ” ಎಂಬ ಉತ್ತರ ಬಂತು. ಆ ಮಾತನ್ನು ಅವರು ಹೇಳಿದ್ದು ಸೂರು ಸೋರುತ್ತದೆ ಎಂದು ಹೇಳುವಷ್ಟೇ ಸಹಜವಾಗಿ.

(ಶಿವಭಕ್ತರು ಅಣಬೆ ತಿನ್ನಬಹುದೇ ಎಂದು ಅದೇ ಮನೆಯ ಹಿರಿಯರು ನನ್ನನ್ನು ಪ್ರತ್ಯೇಕವಾಗಿ ಕೇಳಿದರು. ಹುಲ್ಲಿನಲ್ಲಿ ಬೆಳೆದದ್ದನ್ನು ಮಾಂಸವೆಂದು ಕರೆಯಲು ನನಗಂತೂ ಕಾರಣ ಕಾಣದು. ಬೇಡವೆನಿಸಿದವರು ಬಿಡಲಿ. ಆ ಚರ್ಚೆಗಿಂತ ರ‍್ಯಾಕಿನ ಚರ್ಚೆ ಅವಸರದ್ದಾಗಿತ್ತು.)

ಮನೆಯೊಳಗೆ ಬೆಳೆ ತೆಗೆಯುವ ಕೋಣೆ ಮಲಗುವ ಕೋಣೆಯಂತಲ್ಲ. ಅದು ಬಚ್ಚಲಿಗೆ ಸಮಾನ. ಚಿಪ್ಪಣಬೆಗೆ ಗಾಳಿಯಲ್ಲಿ ಶೇಕಡಾ 80ರಿಂದ 90ರಷ್ಟು ತೇವಾಂಶ ಬೇಕು. ಚೀಲ ಬಿಚ್ಚಿದ ಮೇಲೆ ದಿನಕ್ಕೆ ಎರಡು ಮೂರು ಸಲ ನೀರು ಸಿಂಪಡಿಸಬೇಕು. ನೆಲ ಒದ್ದೆ, ಗೋಡೆ ಒದ್ದೆ, ಕೆಲಸ ಮಾಡುವವರ ಕೈಯೂ ಒದ್ದೆ. ಹೀಗಿದ್ದೂ ಅಲ್ಲಿಯ ವೈರಿಂಗ್ ಮಾತ್ರ ಹಳೆಯ ಉಗ್ರಾಣದ್ದೇ ಆಗಿರುತ್ತದೆ. ಅದಕ್ಕೊಂದು ತಂತಿ ಜೋಡಿಸಿ, ಟೇಪು ಸುತ್ತಿ, ಟ್ಯೂಬ್‌ಲೈಟ್ ಮತ್ತು ಫ್ಯಾನನ್ನು ಎಳೆದುಕೊಂಡಿರುತ್ತಾರೆ. ಹುಲ್ಲಿನ ವಾಸನೆಗೆ ಇಲಿ ಬರುತ್ತದೆ, ಬಂದ ಇಲಿ ತಂತಿಯ ಹೊದಿಕೆಯನ್ನು ಕಡಿಯುತ್ತದೆ.

ಮಾರನೆಯ ದಿನ ಸೊರಬದಿಂದ ಬಂದ ಪರವಾನಿಗೆಯುಳ್ಳ ವೈರಮನ್‌ಗೆ ದೋಷ ಹುಡುಕಲು ಬಹಳ ಹೊತ್ತು ಹಿಡಿಯಲಿಲ್ಲ. ರ‍್ಯಾಕಿಗೇ ಬಿಗಿದಿದ್ದ ಟ್ಯೂಬ್‌ಲೈಟಿನ ತಂತಿ ಆಂಗಲ್‌ನ ಅಂಚಿಗೆ ಉಜ್ಜಿ ಸುಲಿದಿತ್ತು. ಅದಕ್ಕಿಂತ ಹೆಚ್ಚಿನ ದೋಷ ಬೋರ್ಡಿನಲ್ಲಿತ್ತು. ಮೂರು ತೂತಿನ ಸಾಕೆಟ್ಟಿನ ದೊಡ್ಡ ತೂತಿಗೆ ತಂತಿಯನ್ನೇ ಕೊಟ್ಟಿರಲಿಲ್ಲ! ಮೂರು ಪಿನ್ನುಗಳಲ್ಲಿ ಅರ್ಥಿಂಗಿನ ಪಿನ್ನನ್ನು ದಪ್ಪವಾಗಿಯೂ ಉದ್ದವಾಗಿಯೂ ಮಾಡಿರುವುದು ಚುಚ್ಚುವಾಗ ಅದು ಮೊದಲು ಸೇರಲಿ, ಕೀಳುವಾಗ ಕೊನೆಗೆ ಬಿಡಲಿ ಎಂದು. ನಮ್ಮ ಎಷ್ಟೋ ಮನೆಗಳಲ್ಲಿ ಆ ಪಿನ್ನು ಬರಿಯ ಪ್ಲಾಸ್ಟಿಕ್ಕಿನ ತೂತಿನೊಳಗೆ ಕುಳಿತಿರುತ್ತದೆ.

“ಕರೆಂಟು ಸೋರುತ್ತಿದ್ದರೆ ಫ್ಯೂಸ್ ಹೋಗಬೇಕಿತ್ತಲ್ಲವೇ?” ಎಂದು ಮನೆಯ ಮಗ ಕೇಳಿದ. ವಿದ್ಯಾವಂತರೂ ಕೇಳುವ ಪ್ರಶ್ನೆ ಇದು. ಫ್ಯೂಸ್ ಆಗಲಿ, ಈಗಿನ ಎಂಸಿಬಿ ಆಗಲಿ, ಇರುವುದು ತಂತಿಯನ್ನು ಕಾಯಲು; ಮನುಷ್ಯನನ್ನು ಕಾಯಲು ಅಲ್ಲ. ಲೆಕ್ಕ ಹೀಗಿದೆ. ಒದ್ದೆ ಮೈಯ ವಿದ್ಯುತ್ ರೋಧ ಸುಮಾರು 1,000 ಓಂಗೆ ಇಳಿಯಬಹುದು. 230 ವೋಲ್ಟಿನ ತಂತಿ ತಗುಲಿದರೆ ಮೈಯಲ್ಲಿ ಹರಿಯುವುದು 230 ಮಿಲಿ ಆಂಪಿಯರ್. ಸುಮಾರು 10 ಮಿಲಿ ಆಂಪಿಯರ್‌ಗೆ ಸ್ನಾಯುಗಳು ಬಿಗಿದು ಹಿಡಿದದ್ದನ್ನು ಬಿಡಲಾಗದು. 30ನ್ನು ಮೀರಿ ಹರಿಯುತ್ತಲೇ ಇದ್ದರೆ ಹೃದಯಕ್ಕೆ ಅಪಾಯ. ಆದರೆ 6 ಆಂಪಿಯರ್‌ನ ಎಂಸಿಬಿಗೆ 6,000 ಮಿಲಿ ಆಂಪಿಯರ್‌ವರೆಗೂ ಎಲ್ಲವೂ ಸರಿಯಾಗಿಯೇ ಇರುವಂತೆ ತೋರುತ್ತದೆ. ಆ ತಾಯಿಗೆ ಬರಿಯ ಜುಂ ಎನಿಸಿದ್ದು ಕಾಲಿನ ಚಪ್ಪಲಿಯಿಂದ. ಚಪ್ಪಲಿ ಒಳಗೂ ಹೊರಗೂ ನೆನೆದಿದ್ದರೆ, ಅಥವಾ ಇನ್ನೊಂದು ಕೈ ಒದ್ದೆ ಗೋಡೆಗೆ ತಗುಲಿದ್ದರೆ ಏನಾಗುತ್ತಿತ್ತೆಂದು ಬರೆಯಲು ಮನಸ್ಸಾಗದು.

ಅರ್ಥಿಂಗ್ ಮಾಡಿಸಿದರೆ ಸಾಲದೇ ಎನ್ನಬಹುದು. ಬೇಕೇ ಬೇಕು, ಆದರೆ ಅದೊಂದೇ ಸಾಲದು. ಹಳ್ಳಿಯ ಮನೆಗಳಲ್ಲಿ ಎರಡೂವರೆ ಮೀಟರ್ ಉದ್ದದ ಜಿಐ ಪೈಪನ್ನು ಇದ್ದಿಲು, ಉಪ್ಪಿನೊಡನೆ ಹೂಳುತ್ತಾರೆ. ಆಮೇಲೆ ಅದನ್ನು ಮರೆಯುತ್ತಾರೆ. ಬೇಸಗೆಯಲ್ಲಿ ನೆಲ ಒಣಗಿದಂತೆ ಅದರ ರೋಧ ಏರುತ್ತದೆ. ಆ ರೋಧ 50 ಓಂ ಆಯಿತೆನ್ನಿ. ಸೋರುವ ಕರೆಂಟು 4.6 ಆಂಪಿಯರ್ ಮಾತ್ರ. 6ರ ಎಂಸಿಬಿ ಬೀಳುವುದಿಲ್ಲ, ರ‍್ಯಾಕಿನಲ್ಲಿ ಕರೆಂಟು ಹಾಗೆಯೇ ನಿಂತಿರುತ್ತದೆ. ಆದುದರಿಂದ ಇಂಥ ಕೋಣೆಗೆ ಆರ್‌ಸಿಸಿಬಿ ಎಂಬ ಸಾಧನ ಅನಿವಾರ್ಯ. ಫೇಸಿನಲ್ಲಿ ಹೋದ ಕರೆಂಟಿನಷ್ಟೇ ನ್ಯೂಟ್ರಲಿನಲ್ಲಿ ಮರಳಿತೇ ಎಂದು ಅದು ಸದಾ ತೂಗುತ್ತಿರುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಆಗುವಷ್ಟರಲ್ಲಿ, ಸೆಕೆಂಡಿನ ಒಂದು ಅಂಶದೊಳಗೆ, ಪೂರೈಕೆಯನ್ನೇ ಕಡಿದುಹಾಕುತ್ತದೆ. ಅರ್ಥಿಂಗ್ ಸರಿಯಿದ್ದರೆ ಸೋರಿಕೆ ಆರಂಭವಾದ ಕೂಡಲೇ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆಯೇ ಬೀಳುವುದು. ಕೊಳ್ಳುವಾಗ 30 ಮಿಲಿ ಆಂಪಿಯರ್‌ನದೇ ಎಂದು ಕೇಳಿ ಕೊಳ್ಳಬೇಕು. 100, 300ರವೂ ಅಂಗಡಿಯಲ್ಲಿರುತ್ತವೆ, ಅವು ಈ ಕೆಲಸಕ್ಕಲ್ಲ. ಎರಡು ಕೈಗಳಲ್ಲಿ ಫೇಸ್, ನ್ಯೂಟ್ರಲ್ ಎರಡನ್ನೂ ಹಿಡಿದವನನ್ನು ಇದೂ ಉಳಿಸಲಾರದು. ತಂತಿ ಕಾಯುವ ಕೆಲಸಕ್ಕೆ ಎಂಸಿಬಿ ಜೊತೆಗಿರಲೇಬೇಕು.

ಬೆಳಕಿನ ವಿಷಯದಲ್ಲಿ ಸುಲಭದ ದಾರಿಯೊಂದಿದೆ. ಅಣಬೆಗೆ ಮಂದ ಬೆಳಕು ಸಾಕು. 12 ವೋಲ್ಟಿನ ಎಲ್‌ಇಡಿ ದೀಪಗಳನ್ನು ಹಾಕಿ, ಅದರ ಅಡಾಪ್ಟರನ್ನು ಕೋಣೆಯ ಹೊರಗಿಟ್ಟರೆ ಒಳಗೆ 230 ವೋಲ್ಟಿನ ತಂತಿ ದೀಪಕ್ಕಾಗಿ ಬರುವುದೇ ಬೇಡ. ಸ್ವಿಚ್ ಬೋರ್ಡನ್ನೂ ಬಾಗಿಲಿನ ಹೊರಗೆ ಇಡಿಸಬೇಕು. ಒಳಗೆ ಹಾಯಲೇಬೇಕಾದ ತಂತಿ ಪಿವಿಸಿ ಪೈಪಿನೊಳಗೆ, ನಡುವೆ ಜೋಡಣೆಯಿಲ್ಲದೆ ಹೋಗಲಿ. ರ‍್ಯಾಕಿಗೆ ದೀಪವನ್ನಾಗಲಿ ತಂತಿಯನ್ನಾಗಲಿ ಕಟ್ಟಲೇಬಾರದು. ಬಿದಿರಿನದೋ ಅಡಿಕೆ ದಬ್ಬೆಯದೋ ರ‍್ಯಾಕು ನಮ್ಮ ಕಡೆ ಅಗ್ಗವೂ ಹೌದು, ಆದರೆ ಒದ್ದೆಯಾದಾಗ ಅದನ್ನೂ ನಂಬುವಂತಿಲ್ಲ.

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಹಿತ್ತಿಲಿನ ಡ್ರಮ್ಮು. ಹುಲ್ಲನ್ನು ಬಿಸಿನೀರಿನಲ್ಲಿ ಹದಮಾಡಲು ಕಬ್ಬಿಣದ ಡ್ರಮ್ಮಿಗೆ ಹೀಟರ್ ಕಾಯಿಲ್ ಇಳಿಬಿಟ್ಟಿದ್ದರು. 1,500 ವಾಟಿನ ಕಾಯಿಲ್ ಎಳೆಯುವುದು ಆರೂವರೆ ಆಂಪಿಯರ್. ಚುಚ್ಚಿದ್ದು 6 ಆಂಪಿಯರ್‌ನ ದೀಪದ ಸಾಕೆಟ್ಟಿಗೆ. ಕಾಯಿಲ್‌ಗೆ 16 ಆಂಪಿಯರ್‌ನ ಸಾಕೆಟ್, ಕನಿಷ್ಠ ಎರಡೂವರೆ ಚದರ ಮಿಲಿಮೀಟರ್‌ನ ತಾಮ್ರದ ತಂತಿ, ಮೇಲೆ ಹೇಳಿದ ಆರ್‌ಸಿಸಿಬಿ, ಇಷ್ಟೂ ಬೇಕು. ನೀರು ಕಾದಿತೇ ಎಂದು ಬೆರಳದ್ದಿ ನೋಡುವ ಮುನ್ನ ಸ್ವಿಚ್ ಆರಿಸಿ, ಪಿನ್ನನ್ನೇ ಕಿತ್ತಿಡಬೇಕು. ಸೌದೆ ಒಲೆಯಿರುವ ಮನೆಯಲ್ಲಿ ಕಾಯಿಲ್ಲಿನ ಹಂಗೇಕೆ ಎಂದು ನಾನು ಕೇಳಿದ್ದಕ್ಕೆ ಸೊಸೆ ನಕ್ಕಳು. ಮಳೆಗಾಲದ ಸೌದೆ ಊದುವವರಿಗೆ ಗೊತ್ತು.

ಯಾರಿಗಾದರೂ ಕರೆಂಟು ಹಿಡಿದರೆ ಅವರನ್ನು ಕೈಯಿಂದ ಎಳೆಯಬಾರದು. ಮೊದಲು ಮೇನ್ ಆರಿಸಬೇಕು. ಆ ಮನೆಯ ಮೇನ್ ಬೋರ್ಡು ಹುಲ್ಲಿನ ಹೊರೆಗಳ ಹಿಂದಿತ್ತು. ಹೊರೆಗಳನ್ನು ಅಂದೇ ಸಾಗಿಸಿದರು.

ರ‍್ಯಾಕಿನಿಂದ ದೀಪ ಕಳಚಿ, ಸಾಕೆಟ್ಟಿಗೆ ಅರ್ಥಿಂಗ್ ಕೊಟ್ಟು, ಆರ್‌ಸಿಸಿಬಿ ಕೂರಿಸಲು ಒಂದು ದಿನ ಸಾಕಾಯಿತು. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೆಯೇ ಎಂದು ನೋಡಬೇಕೆಂದು ವೈರಮನ್ ಹೇಳಿದ. ತಾರೀಖು ನೆನಪಿರುವುದಿಲ್ಲವೆಂದು ಆ ತಾಯಿ ಅಮಾವಾಸ್ಯೆಯನ್ನು ಗೊತ್ತುಮಾಡಿಕೊಂಡಿದ್ದಾರೆ. ಬೆಳಿಗ್ಗೆ ಪೂಜೆ ಮುಗಿಸಿ ಬಂದು ಗುಂಡಿ ಒತ್ತುತ್ತಾರೆ. ಮನೆಯೆಲ್ಲ ಕ್ಷಣಕಾಲ ಕತ್ತಲಾಗುತ್ತದೆ, ಟಿವಿ ನೋಡುತ್ತಿದ್ದ ಮೊಮ್ಮಕ್ಕಳು ಗದ್ದಲವೆಬ್ಬಿಸುತ್ತಾರೆ.