ದಾರಿಯಲ್ಲಿ ಏರುವ ಪೊಟ್ಯಾಸಿಯಂ

ನಾಸಿಕದ ಕಡೆಯ ಗಂಗಾಪುರ, ದಾರಣಾ ಅಣೆಕಟ್ಟುಗಳಿಂದ ಗೋದಾವರಿಗೆ ಬಿಟ್ಟ ನೀರು ಪೈಠಣದ ಜಾಯಕವಾಡಿ ಜಲಾಶಯ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಒಣಗಿದ ಪಾತ್ರ ಒಂದಿಷ್ಟು ಕುಡಿಯುತ್ತದೆ, ಬಿಸಿಲು ಒಂದಿಷ್ಟು ಹೀರುತ್ತದೆ. ಬಿಟ್ಟದ್ದೆಷ್ಟು, ಬಂದದ್ದೆಷ್ಟು ಎಂಬ ತಕರಾರು ಮಳೆ ಕೈಕೊಟ್ಟ ವರ್ಷಗಳಲ್ಲಿ ಕೋರ್ಟಿನವರೆಗೂ ಹೋಗುತ್ತದೆ.

ಪೈಠಣದಂಥ ತಾಲ್ಲೂಕು ಊರಿನಿಂದ ಇನ್ನೊಂದು ದ್ರವವೂ ಪ್ರಯಾಣ ಹೊರಡುತ್ತದೆ. ರೋಗಿಯ ತೋಳಿನಿಂದ ತೆಗೆದ ಮೂರ್ನಾಲ್ಕು ಎಂ.ಎಲ್. ರಕ್ತ ಅದು. ಛತ್ರಪತಿ ಸಂಭಾಜಿನಗರದ ಲ್ಯಾಬಿಗೆ ಕಳಿಸುವುದಾದರೆ ಸುಮಾರು 50 ಕಿ.ಮೀ. ದಾರಿ. ಇಲ್ಲಿ ಲೆಕ್ಕ ತಿರುಗುಮುರುಗು: ನೀರು ದಾರಿಯಲ್ಲಿ ಇಳಿದರೆ, ಟ್ಯೂಬಿನೊಳಗಿನ ಪೊಟ್ಯಾಸಿಯಂ ದಾರಿಯಲ್ಲಿ ಏರಿಬಿಡಬಹುದು. ರೋಗಿಯ ಮೈಯಲ್ಲಿ 4.5 ಇದ್ದದ್ದು ರಿಪೋರ್ಟಿನಲ್ಲಿ 6.8 ಆಗಬಹುದು. ಹಾಗೆಂದು ಯಂತ್ರ ತಪ್ಪಿರುವುದಿಲ್ಲ. ಟ್ಯೂಬಿನಲ್ಲಿ ಇದ್ದದ್ದನ್ನೇ ಅದು ಅಳೆದಿರುತ್ತದೆ.

‘ಕವಿರಾಜಮಾರ್ಗ’ ಕನ್ನಡ ನಾಡಿನ ಬಡಗಣ ಎಲ್ಲೆಯೆಂದು ಹೇಳಿದ್ದು ಇದೇ ಗೋದಾವರಿಯನ್ನು. ಎಲ್ಲೆ ಈಗ ದಕ್ಷಿಣಕ್ಕೆ ಸರಿದಿದೆ, ಆದರೆ ಈ ಸಮಸ್ಯೆಗೆ ಎಲ್ಲೆಯಿಲ್ಲ. ಔರಾದದಿಂದ ಬೀದರಿಗೆ, ಲಿಂಗಸುಗೂರಿನಿಂದ ರಾಯಚೂರಿಗೆ ಹೋಗುವ ಸ್ಯಾಂಪಲ್ಲಿನ ಪಾಡೂ ಇದೇ.

ಕಟ್ಟೆಯ ಒಳಗೆ, ಹೊರಗೆ

ನಮ್ಮ ಮೈಯ ಪೊಟ್ಯಾಸಿಯಂನಲ್ಲಿ ಶೇ 98ರಷ್ಟು ಜೀವಕೋಶಗಳ ಒಳಗೇ ಇರುತ್ತದೆ. ಒಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್. ಹೊರಗೆ, ರಕ್ತದ ನೀರಿನಂಥ ಭಾಗದಲ್ಲಿ, 3.5ರಿಂದ 5 ಮಾತ್ರ. ಜೀವಕೋಶದ ಪೊರೆ ಜಾಯಕವಾಡಿಯ ಕಟ್ಟೆಯಂತೆಯೇ, ಒಳಗೆ ತುಂಬಿ ತುಳುಕುತ್ತದೆ, ಹೊರಗೆ ಬರೀ ಹರಿವು. ಜಾಯಕವಾಡಿಯ 27 ಗೇಟುಗಳಲ್ಲಿ ಒಂದನ್ನು ಎತ್ತಿದರೂ ಕೆಳಗಿನ ಮಟ್ಟ ಏರುವಂತೆ, ಒಂದಿಷ್ಟು ಕೆಂಪು ರಕ್ತಕಣ ಒಡೆದರೂ ಹೊರಗಿನ ಅಂಕಿ ನೆಗೆಯುತ್ತದೆ.

ಈ ಅಂತರ ಕಾಯುವುದು ಪೊರೆಯಲ್ಲಿರುವ ಪಂಪು. ಮೂರು ಸೋಡಿಯಂ ಹೊರಹಾಕಿ ಎರಡು ಪೊಟ್ಯಾಸಿಯಂ ಒಳಗೆಳೆಯುವುದು ಅದರ ಕೆಲಸ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದರ ಬಗ್ಗೆ ಬರೆದದ್ದು 1957ರಲ್ಲಿ, ನೊಬೆಲ್ ಬಂದದ್ದು 1997ರಲ್ಲಿ. ಪಂಪಿಗೆ ಇಂಧನ ಬೇಕು, ಬೆಚ್ಚಗಿನ ವಾತಾವರಣವೂ ಬೇಕು. ಟ್ಯೂಬಿಗೆ ಬಿದ್ದ ಮೇಲೂ ರಕ್ತಕಣ ಜೀವಂತವಾಗಿದ್ದು, ಅಲ್ಲಿರುವ ಸಕ್ಕರೆಯನ್ನೇ ತಿಂದು ಪಂಪು ನಡೆಸುತ್ತಿರುತ್ತದೆ.

ಐಸ್ ಪ್ಯಾಕಿನ ಮೋಸ

ಇಲ್ಲೇ ಒಳ್ಳೆಯ ಉದ್ದೇಶ ಕೆಟ್ಟ ಫಲ ಕೊಡುವುದು. ಹಾಲು ಕೆಡದಿರಲಿ ಎಂದು ಫ್ರಿಜ್ಜಿನಲ್ಲಿಡುವ ಹಾಗೆ ರಕ್ತವನ್ನೂ ಇಟ್ಟರೆ ಪಂಪು ಮಂಕಾಗುತ್ತದೆ, ಪೊಟ್ಯಾಸಿಯಂ ಮೆಲ್ಲಗೆ ಹೊರಗೆ ಸೋರುತ್ತದೆ. ಕಣ ಒಡೆದರೆ ರಕ್ತದ ಆ ನೀರಿನಂಥ ಭಾಗ, ಸೀರಮ್, ಕೆಂಪಾಗಿ ಗುಟ್ಟು ರಟ್ಟಾಗುತ್ತದೆ. ತಣ್ಣಗಾಗಿ ಸೋರಿದರೆ ಸೀರಮ್ ತಿಳಿಯಾಗಿಯೇ ಕಾಣುತ್ತದೆ, ಲ್ಯಾಬಿನವರಿಗೂ ಅನುಮಾನ ಬರುವುದಿಲ್ಲ.

ಹಾಗಾದರೆ ಮರಾಠವಾಡದ ಏಪ್ರಿಲ್ ಬಿಸಿಲಿನಲ್ಲಿ ಹಾಗೇ ಒಯ್ಯಬಹುದೇ? ಅದೂ ಸಲ್ಲ. ಸೆಕೆಯಲ್ಲಿ ಪಂಪು ಹುರುಪಿನಿಂದ ದುಡಿದು ಮೊದಲು ಪೊಟ್ಯಾಸಿಯಂ ಅಂಕಿಯನ್ನು ಇಳಿಸುತ್ತದೆ. ಸಕ್ಕರೆ ಮುಗಿದ ಮೇಲೆ ಸೋರಿಕೆ ಶುರುವಾಗಿ ಏರಿಸುತ್ತದೆ. ಯಾವ ಗಳಿಗೆಯಲ್ಲಿ ಅಳೆದರು ಎಂಬುದರ ಮೇಲೆ ಉತ್ತರ ಬದಲು.

ಇದಕ್ಕೆ ಮದ್ದು ದುಬಾರಿಯದಲ್ಲ. ರಕ್ತ ತೆಗೆದು ಅರ್ಧ ಗಂಟೆ ನಿಲ್ಲಿಸಿ, ಹೆಪ್ಪುಗಟ್ಟಿದ ಮೇಲೆ, ಎರಡು ಗಂಟೆ ಮೀರುವ ಮುನ್ನ ಆ ಊರಲ್ಲೇ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಸೀರಮ್ ಬೇರ್ಪಡಿಸಬೇಕು. ಕಣಗಳಿಂದ ಬಿಡಿಸಿದ ಸೀರಮ್ಮಿಗೆ ಐಸ್ ಪ್ಯಾಕು ತೊಂದರೆ ಮಾಡದು. ಅಲ್ಲಿಯವರೆಗೆ ಮಾತ್ರ ಟ್ಯೂಬು ಕೋಣೆಯ ಹದದಲ್ಲಿ, 20ರಿಂದ 25 ಡಿಗ್ರಿಯಲ್ಲಿ ಇರಬೇಕು. ಒಂದು ಸೆಂಟ್ರಿಫ್ಯೂಜ್ ಪೈಠಣದಲ್ಲೇ ತಿರುಗಿದರೆ 50 ಕಿ.ಮೀ. ದಾರಿಯ ಕಾಟ ಬಹುಪಾಲು ಮುಗಿದಂತೆ.

ತೋಳಿನಲ್ಲೇ ಶುರು

ಕೆಲವು ತಪ್ಪುಗಳು ರಸ್ತೆಗೆ ಇಳಿಯುವ ಮೊದಲೇ ಆಗಿರುತ್ತವೆ. ನರ ಕಾಣದಿದ್ದಾಗ ‘ಮುಷ್ಟಿ ಬಿಗಿ ಮಾಡಿ, ಬಿಡಿ, ಮತ್ತೆ ಮಾಡಿ’ ಎನ್ನುವುದು ಎಲ್ಲ ಕಡೆಯ ರೂಢಿ. ದುಡಿದ ಸ್ನಾಯು ಪೊಟ್ಯಾಸಿಯಂ ಬಿಡುತ್ತದೆ. ಮೇಲೆ ಪಟ್ಟಿ ಬಿಗಿದಿರುವಾಗ ಹೀಗೆ ಮಾಡಿದರೆ ಅಂಕಿ ಒಂದು ಮಿಲಿಮೋಲಿಗೂ ಹೆಚ್ಚು ಏರಬಲ್ಲದು. ಕೈ ಸುಮ್ಮನೆ ಚಾಚಿದರೆ ಸಾಕು, ಪಟ್ಟಿ ಒಂದು ನಿಮಿಷ ಮೀರಬಾರದು.

ತೀರಾ ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆಯುವುದು, ಸಿರಿಂಜಿನಿಂದ ಟ್ಯೂಬಿಗೆ ಒತ್ತಿ ಚಿಮ್ಮಿಸುವುದು, ಔಷಧಿ ಬಾಟಲಿಯಂತೆ ಕುಲುಕುವುದು, ಇವೆಲ್ಲ ಕಣ ಒಡೆಯುವ ದಾರಿಗಳು. ಡ್ರಿಪ್ ಹಾಕಿದ ಕೈಯಿಂದ ತೆಗೆದರೆ ಡ್ರಿಪ್ಪಿನ ನೀರೇ ಪರೀಕ್ಷೆಗೆ ಹೋಗುತ್ತದೆ.

ನೇರಳೆ ಮುಚ್ಚಳದ ಟ್ಯೂಬಿನದು ಬೇರೆಯೇ ಕತೆ. ಹೆಪ್ಪುಗಟ್ಟದಿರಲೆಂದು ಅದರಲ್ಲಿ ಹಾಕಿರುವ ಇಡಿಟಿಎ ಸಾಮಾನ್ಯವಾಗಿ ಪೊಟ್ಯಾಸಿಯಂ ಲವಣ. ಅದನ್ನು ಮೊದಲು ತುಂಬಿ, ತೊಟ್ಟು ರಕ್ತ ಸೀರಮ್ ಟ್ಯೂಬಿಗೆ ಸೇರಿದರೂ ಲೆಕ್ಕ ಕೆಟ್ಟಿತು. ಆದ್ದರಿಂದಲೇ ಕೆಂಪು ಅಥವಾ ಹಳದಿ ಮೊದಲು, ನೇರಳೆ ಆಮೇಲೆ. ಇಡಿಟಿಎ ಕ್ಯಾಲ್ಸಿಯಂ ಕಟ್ಟಿಹಾಕುವುದರಿಂದ, ಪೊಟ್ಯಾಸಿಯಂ ಮೇಲೇರಿ ಕ್ಯಾಲ್ಸಿಯಂ ಪಾತಾಳಕ್ಕಿಳಿದಿದ್ದರೆ ಅನುಭವಿ ಕಣ್ಣು ಕೂಡಲೇ ಹಿಡಿಯುತ್ತದೆ.

ಸುಳ್ಳು ಎಂದು ಬಿಡುವಂತಿಲ್ಲ

ನಿಜಕ್ಕೂ ಪೊಟ್ಯಾಸಿಯಂ 6.5 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಕಿಡ್ನಿ ಕಾಯಿಲೆಯವರಿಗೆ ಇದು ದೂರದ ಭಯವಲ್ಲ. ಅದಕ್ಕೇ ವೈದ್ಯರು ಮೊದಲು ಇಸಿಜಿ ಮಾಡಿಸಿ, ಜೊತೆಗೇ ಇನ್ನೊಂದು ಸ್ಯಾಂಪಲ್ ಕೇಳುವುದು. ಸುಳ್ಳು ಅಂಕಿ ನಂಬಿ ಇನ್ಸುಲಿನ್ ಕೊಟ್ಟರೆ, ಸರಿಯಿದ್ದ ಪೊಟ್ಯಾಸಿಯಮ್ಮೂ ಸಕ್ಕರೆಯೂ ಕುಸಿಯುತ್ತವೆ. ಇನ್ನೂ ಕಷ್ಟದ್ದು, ನಿಜವಾಗಿ ಕಡಿಮೆಯಿದ್ದವರ ಅಂಕಿ ಟ್ಯೂಬಿನಲ್ಲಿ ಏರಿ ‘ನಾರ್ಮಲ್’ ಎಂದು ಬಂದರೆ. ಅದನ್ನು ಯಾರೂ ಮರುಪರೀಕ್ಷೆಗೆ ಕಳಿಸುವುದಿಲ್ಲ.

‘ರಿಪೀಟ್ ಕಳಿಸಿ’ ಎಂದಾಗ ಮನೆಯವರು ಸಿಡುಕುವುದು ಸಹಜ, ದುಡ್ಡಿಗಾಗಿ ಮತ್ತೆ ಚುಚ್ಚುತ್ತಾರೆ ಅನ್ನಿಸುತ್ತದೆ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಮೊದಲಿನ ರಕ್ತ ತೆಗೆದದ್ದು ಎಷ್ಟು ಗಂಟೆಗೆ, ಸೀರಮ್ ಬೇರ್ಪಡಿಸಿದ್ದು ಎಷ್ಟು ಗಂಟೆಗೆ? ಗೋದಾವರಿಯ ನೀರಿಗೆ ಬಿಟ್ಟ ಹೊತ್ತು, ಬಂದ ಹೊತ್ತು ಎರಡನ್ನೂ ಬರೆದಿಡುತ್ತಾರೆ. ಟ್ಯೂಬಿನ ಚೀಟಿಯಲ್ಲಿ ಹೆಸರು, ವಯಸ್ಸಿನ ಪಕ್ಕದಲ್ಲಿ ಆ ಎರಡು ಹೊತ್ತು ಬರೆಯುವಷ್ಟು ಜಾಗ ಇದ್ದೇ ಇದೆ.