ದ್ವೀಪದ ದೀಪಕ್ಕೆ ಬ್ಯಾಟರಿಯ ಆಸರೆ

ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ 2013ರ ಡಿಸೆಂಬರ್ 31ರಂದು ಕಾರ್ಯಾರಂಭ ಮಾಡಿದಾಗ ದಕ್ಷಿಣ ಭಾರತದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಡನೆ ಒಂದಾಯಿತು. ಅಂದಿನಿಂದ ನಮ್ಮ ರಾಜ್ಯದ ಉತ್ಪಾದನಾ ಘಟಕವೊಂದು ಹಠಾತ್ತನೆ ನಿಂತರೆ ದೂರದ ಛತ್ತೀಸಗಡದ ವಿದ್ಯುತ್ ಆ ಕೊರತೆಯನ್ನು ತುಂಬಬಲ್ಲದು. ಪಾವಗಡದ ಸೌರಫಲಕಗಳ ಮೇಲೆ ಮೋಡ ಕವಿದರೂ ಬೆಂಗಳೂರಿನ ದೀಪಗಳು ಮಂಕಾಗುವುದಿಲ್ಲ. ಈ ಆಸರೆ ಇಲ್ಲದ ಭಾರತೀಯರೂ ಇದ್ದಾರೆ. ಅವರು ನಮ್ಮ ಕರಾವಳಿಯಿಂದ ಹೆಚ್ಚು ದೂರದಲ್ಲೇನೂ ಇಲ್ಲ.

ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಇಂದು ಹೆಚ್ಚಿನವರ ನೆನಪಿನಲ್ಲಿ ಇರಲಾರದು. ಲಕ್ಷದ್ವೀಪದ ಒಟ್ಟು ವಿಸ್ತೀರ್ಣ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 64 ಸಾವಿರ. ಜನವಸತಿಯಿರುವ ದ್ವೀಪಗಳು ಹತ್ತು. ಪ್ರತಿಯೊಂದಕ್ಕೂ ಪ್ರತ್ಯೇಕ ವಿದ್ಯುತ್ ವ್ಯವಸ್ಥೆ. ಅದರ ಮುಖ್ಯ ಆಧಾರ ಡೀಸೆಲ್ ಜನರೇಟರ್. ಈ ಡೀಸೆಲ್ ಮುಖ್ಯಭೂಮಿಯಿಂದ ಸಮುದ್ರದ ಮೂಲಕವೇ ಹೋಗಬೇಕು. ಮುಂಗಾರಿನಲ್ಲಿ ಕಡಲು ಉಗ್ರವಾಗುವುದರಿಂದ ಅದಕ್ಕೆ ಮೊದಲೇ ದಾಸ್ತಾನು ಮಾಡಿಕೊಳ್ಳಬೇಕು. ಕವರತ್ತಿಯಲ್ಲಿ 2005ರಲ್ಲಿ ಸ್ಥಾಪನೆಯಾದ, ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ನೀಡುವ ಘಟಕದಂಥವೂ ವಿದ್ಯುತ್ತನ್ನೇ ನೆಚ್ಚಿಕೊಂಡಿವೆ. ಹೀಗಾಗಿ ಡೀಸೆಲ್ ತಪ್ಪಿದರೆ ಬೆಳಕಷ್ಟೇ ಅಲ್ಲ, ಕುಡಿಯುವ ನೀರಿಗೂ ಸಂಚಕಾರ.

ಇದರ ಬೆಲೆಯನ್ನು ಸ್ಥೂಲವಾಗಿ ಲೆಕ್ಕ ಹಾಕಬಹುದು. ಒಂದು ಲೀಟರ್ ಡೀಸೆಲ್‌ನಿಂದ ಸುಮಾರು ಮೂರೂವರೆ ಯೂನಿಟ್ ವಿದ್ಯುತ್ ದೊರೆಯುತ್ತದೆ. ಲೀಟರಿಗೆ 90 ರೂಪಾಯಿ ಎಂದು ಇಟ್ಟುಕೊಂಡರೆ ಇಂಧನದ ವೆಚ್ಚವೇ ಯೂನಿಟ್ಟಿಗೆ 25 ರೂಪಾಯಿ ದಾಟುತ್ತದೆ. ಯಂತ್ರ, ಸಾಗಣೆ, ಸಿಬ್ಬಂದಿಯ ಖರ್ಚು ಬೇರೆ. ದ್ವೀಪದ ಗ್ರಾಹಕ ತೆರುವ ದರ ಇದಕ್ಕಿಂತ ಬಹಳ ಕಡಿಮೆ. ಉಳಿದುದನ್ನು ಕೇಂದ್ರ ಸರ್ಕಾರ ತನ್ನ ಬೊಕ್ಕಸದಿಂದ ಭರಿಸುತ್ತದೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ದೂರದಲ್ಲಿರುವ ಪ್ರಜೆಗೂ ವಿದ್ಯುತ್ ಒದಗಿಸುವುದು ಸರ್ಕಾರದ ಕರ್ತವ್ಯ. ಪ್ರಶ್ನೆ ಇರುವುದು, ಅದೇ ಹಣದಿಂದ ಇನ್ನೂ ಉತ್ತಮವಾದುದನ್ನು ಮಾಡಬಹುದಲ್ಲವೇ ಎಂಬುದರಲ್ಲಿ.

ವರ್ಷದ ಬಹುಭಾಗ ಧಾರಾಳ ಬಿಸಿಲಿರುವಾಗ ಸೌರಫಲಕ ಹಾಕಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಸಾಲದು. ಸಣ್ಣ ಜಾಲದಲ್ಲಿ ಉತ್ಪಾದನೆ ಮತ್ತು ಬೇಡಿಕೆ ಕ್ಷಣಕ್ಷಣವೂ ಸರಿದೂಗಬೇಕು. ಇಲ್ಲವಾದರೆ 50 ಹರ್ಟ್ಸ್ ಆವರ್ತನ ಏರುಪೇರಾಗಿ ಇಡೀ ದ್ವೀಪ ಕತ್ತಲಾಗುತ್ತದೆ. ಒಂದು ಮೋಡ ಹಾದುಹೋದರೆ ಸೌರ ಉತ್ಪಾದನೆ ನಿಮಿಷದೊಳಗೆ ಕುಸಿಯಬಹುದು. ಆ ಭಯದಿಂದ ಬಿಸಿಲಿರುವಾಗಲೂ ಡೀಸೆಲ್ ಯಂತ್ರವನ್ನು ಚಾಲನೆಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಆದರೆ ಸಾಮರ್ಥ್ಯದ ಶೇ 30ಕ್ಕಿಂತ ಕಡಿಮೆ ಹೊರೆಯಲ್ಲಿ ದೀರ್ಘಕಾಲ ಓಡಿದರೆ ಅದು ಇಂಧನವನ್ನು ಪೂರ್ತಿ ಉರಿಸದೆ ಮಸಿಗಟ್ಟಿ ಹಾಳಾಗುತ್ತದೆ. ಆಗ ಯಂತ್ರವನ್ನು ಉಳಿಸುವ ಸಲುವಾಗಿ ಸೌರ ವಿದ್ಯುತ್ತನ್ನೇ ತಗ್ಗಿಸಬೇಕಾಗುತ್ತದೆ.

ಈ ಬಿಕ್ಕಟ್ಟನ್ನು ಬಿಡಿಸುವುದು ಬ್ಯಾಟರಿ. ಹಗಲಿನ ಬಿಸಿಲನ್ನು ರಾತ್ರಿಗೆ ಕೂಡಿಡುವುದು ಅದರ ಎರಡನೆಯ ಕೆಲಸ. ಸೆಕೆಂಡಿನ ಅಲ್ಪಾಂಶದಲ್ಲಿ ಕೊರತೆ ತುಂಬಿ, ಡೀಸೆಲ್ ಯಂತ್ರವನ್ನು ಧೈರ್ಯವಾಗಿ ನಿಲ್ಲಿಸಲು ಅವಕಾಶ ಮಾಡಿಕೊಡುವುದೇ ಮೊದಲ ಕೆಲಸ. ಶಕ್ತಿ ಸಂಗ್ರಹಕ್ಕೆ ಬೇರೆ ಮಾರ್ಗಗಳೂ ಇವೆ. ಸ್ಪೇನಿನ ಎಲ್ ಇಯೆರ್ರೊ ದ್ವೀಪದಲ್ಲಿ 2014ರಲ್ಲಿ ಉದ್ಘಾಟನೆಯಾದ ಯೋಜನೆಯು ಗಾಳಿಯಂತ್ರಗಳ ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಜ್ವಾಲಾಮುಖಿಯ ಹಳೆಯ ಕುಳಿಗೆ ಏರಿಸಿ, ಬೇಕಾದಾಗ ಇಳಿಸಿ ವಿದ್ಯುತ್ ಪಡೆಯುತ್ತದೆ. ಲಕ್ಷದ್ವೀಪವಾದರೋ ಕಡಲಮಟ್ಟದಿಂದ ಕೆಲವೇ ಮೀಟರ್ ಎತ್ತರದ ಹವಳದ ದಿಬ್ಬಗಳ ಸಮೂಹ. ಅಲ್ಲಿ ನೀರು ಏರಿಸಲು ಬೆಟ್ಟವೇ ಇಲ್ಲ.

ಬ್ಯಾಟರಿಯಿಂದ ಏನು ಸಾಧ್ಯ ಎಂಬುದನ್ನು ತಿಳಿಯಲು ಅಮೆರಿಕದ ಹವಾಯಿ ರಾಜ್ಯದ ಕವಾಯಿ ದ್ವೀಪವನ್ನು ನೋಡಬೇಕು. ಅದರ ಜನಸಂಖ್ಯೆ ಸುಮಾರು 73 ಸಾವಿರ. ಹವಾಯಿಯ ಇತರ ದ್ವೀಪಗಳೊಡನೆ ಅದಕ್ಕೆ ವಿದ್ಯುತ್ ಸಂಪರ್ಕವಿಲ್ಲ. 2002ರಲ್ಲಿ ದ್ವೀಪದ ಗ್ರಾಹಕರೇ ಸಹಕಾರ ಸಂಘ ಕಟ್ಟಿಕೊಂಡು ಖಾಸಗಿ ಕಂಪನಿಯಿಂದ ವಿದ್ಯುತ್ ವ್ಯವಸ್ಥೆಯನ್ನು ಕೊಂಡರು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಬಲ್ಲ ಕನ್ನಡಿಗರಿಗೆ ಇದು ಹೊಸ ಕಲ್ಪನೆಯೇನಲ್ಲ. 2017ರಲ್ಲಿ ಅಲ್ಲಿ 13 ಮೆಗಾವಾಟ್ ಸೌರ ಘಟಕ 52 ಮೆಗಾವಾಟ್-ಗಂಟೆ ಬ್ಯಾಟರಿಯೊಡನೆ ಆರಂಭವಾಯಿತು. 2019ರ ಜನವರಿಯಲ್ಲಿ 28 ಮೆಗಾವಾಟ್ ಸೌರ ಸಾಮರ್ಥ್ಯ ಮತ್ತು 100 ಮೆಗಾವಾಟ್-ಗಂಟೆ ಬ್ಯಾಟರಿಯ ಇನ್ನೊಂದು ಘಟಕ ಉದ್ಘಾಟನೆಯಾಯಿತು. ಇವುಗಳ ಬಂಡವಾಳವನ್ನು ಸಂಘ ಹೂಡಲಿಲ್ಲ, ಕಂಪನಿಗಳೇ ಹೂಡಿದವು. ಸಂಘವು ದೀರ್ಘಾವಧಿಯ ಒಪ್ಪಂದದಂತೆ ಮೊದಲ ಘಟಕಕ್ಕೆ ಯೂನಿಟ್ಟಿಗೆ 13.9 ಸೆಂಟ್, ಎರಡನೆಯದಕ್ಕೆ ಸುಮಾರು 11 ಸೆಂಟ್ ನೀಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ದ್ವೀಪದ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ನವೀಕರಿಸಬಹುದಾದ ಮೂಲಗಳಿಂದ ಬರುತ್ತಿದೆ. 2022ರಲ್ಲಿ ತೈಲದ ಬೆಲೆ ಗಗನಕ್ಕೇರಿದಾಗ ನೆರೆಯ ದ್ವೀಪಗಳಷ್ಟು ಪೆಟ್ಟು ಕವಾಯಿಗೆ ತಗಲಲಿಲ್ಲ.

ನಮ್ಮಲ್ಲೂ ಆರಂಭವಾಗಿದೆ. ದಕ್ಷಿಣ ಅಂಡಮಾನಿನಲ್ಲಿ 20 ಮೆಗಾವಾಟ್ ಸೌರ ಘಟಕಕ್ಕೆ 8 ಮೆಗಾವಾಟ್-ಗಂಟೆ ಬ್ಯಾಟರಿಯನ್ನು ಜೋಡಿಸಲಾಗಿದೆ. ಲಕ್ಷದ್ವೀಪದ ಮೊದಲ ಬ್ಯಾಟರಿ ಸಹಿತ ಸೌರ ಯೋಜನೆ 2024ರ ಜನವರಿಯಲ್ಲಿ ಕವರತ್ತಿಯಲ್ಲಿ ಲೋಕಾರ್ಪಣೆಗೊಂಡಿತು. ಅದು ಸುಮಾರು 1.7 ಮೆಗಾವಾಟ್ ಸೌರ ಸಾಮರ್ಥ್ಯ ಮತ್ತು 1.4 ಮೆಗಾವಾಟ್-ಗಂಟೆ ಬ್ಯಾಟರಿಯನ್ನು ಒಳಗೊಂಡಿದೆ. ಅಂಕಿಗಳನ್ನು ಹೋಲಿಸಿ ನೋಡಿ. ಕವಾಯಿಯ ಎರಡನೆಯ ಘಟಕದ ಬ್ಯಾಟರಿ ಸೌರಫಲಕಗಳ ಮೂರೂವರೆ ಗಂಟೆಯ ಪೂರ್ಣ ಉತ್ಪಾದನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕವರತ್ತಿಯದು ಒಂದು ಗಂಟೆಯದನ್ನೂ ಹಿಡಿಯದು. ಅಂಡಮಾನಿನದು ಅರ್ಧ ಗಂಟೆಯದನ್ನೂ ಹಿಡಿಯದು. ಇವು ಮೋಡದ ಏರಿಳಿತವನ್ನು ತಡೆಯಬಲ್ಲವು, ಆದರೆ ಸಂಜೆಯ ಬೇಡಿಕೆಯನ್ನು ಹೊರಲಾರವು. ಸೂರ್ಯ ಮುಳುಗಿದ ಮೇಲೆ ಡೀಸೆಲ್ಲೇ ಗತಿ.

ಬ್ಯಾಟರಿ ದುಬಾರಿ ಎಂಬ ಉತ್ತರ ಒಂದು ಕಾಲಕ್ಕೆ ಸರಿಯಾಗಿತ್ತು. 2010ರಲ್ಲಿ ಲಿಥಿಯಂ ಬ್ಯಾಟರಿಯ ಸರಾಸರಿ ಬೆಲೆ ಕಿಲೋವಾಟ್-ಗಂಟೆಗೆ 1,000 ಡಾಲರಿಗೂ ಹೆಚ್ಚಿತ್ತು. 2024ರಲ್ಲಿ 120 ಡಾಲರಿಗಿಂತ ಕೆಳಗಿಳಿದಿತ್ತು. ಆದರೂ ಅಡ್ಡಿ ಉಳಿದಿರುವುದು ನಮ್ಮ ಲೆಕ್ಕ ಬರೆಯುವ ಕ್ರಮದಲ್ಲಿ. ಡೀಸೆಲ್ ಖರ್ಚು ವರ್ಷ ವರ್ಷವೂ ರಾಜಸ್ವ ವೆಚ್ಚವಾಗಿ ಸದ್ದಿಲ್ಲದೆ ಮಂಜೂರಾಗುತ್ತದೆ. ಬ್ಯಾಟರಿಯಾದರೋ ಬಂಡವಾಳ ವೆಚ್ಚವಾಗಿ ಒಂದೇ ವರ್ಷದ ಮುಂಗಡಪತ್ರದಲ್ಲಿ ಪೂರ್ತಿ ಕಾಣಿಸಿಕೊಂಡು ಎಲ್ಲರ ಹುಬ್ಬೇರಿಸುತ್ತದೆ. ಹದಿನೈದು ವರ್ಷಗಳ ಡೀಸೆಲ್ ಬಿಲ್ಲನ್ನು ಅದರ ಪಕ್ಕದಲ್ಲಿಟ್ಟು ನೋಡುವ ಪದ್ಧತಿ ಕಡತಗಳಲ್ಲಿ ವಿರಳ. ಕವಾಯಿ ಕಲಿಸುವ ಪಾಠ ಇಲ್ಲಿದೆ. ಬಂಡವಾಳವನ್ನು ಯೂನಿಟ್ ದರವಾಗಿ ಪರಿವರ್ತಿಸಿದಾಗ ಡೀಸೆಲ್ ಮತ್ತು ಬಿಸಿಲು ಒಂದೇ ತಕ್ಕಡಿಯಲ್ಲಿ ತೂಗಿದವು.

ಮಿತಿಗಳನ್ನೂ ಮರೆಯಬಾರದು. ವಾರಗಟ್ಟಲೆ ಮೋಡ ಕವಿಯುವ ಮುಂಗಾರನ್ನು ಕೆಲವು ಗಂಟೆಗಳ ಬ್ಯಾಟರಿ ದಾಟಿಸಲಾರದು. ಆ ಕಾಲಕ್ಕೆ ಡೀಸೆಲ್ ಯಂತ್ರಗಳು ಸಿದ್ಧವಾಗಿರಲೇಬೇಕು. ತೆಂಗಿನ ತೋಟಗಳ ನಡುವೆ ಜನ ಕಿಕ್ಕಿರಿದಿರುವ ಲಕ್ಷದ್ವೀಪದಲ್ಲಿ ಸೌರಫಲಕಗಳಿಗೆ ಜಾಗ ದುರ್ಲಭ. ಮನೆ ಮತ್ತು ಕಚೇರಿಗಳ ಮಾಳಿಗೆಗಳೇ ಮೊದಲ ಆಯ್ಕೆಯಾಗಬೇಕು. ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ. ತಂತ್ರಜ್ಞಾನವೂ ನಿರಾತಂಕವಲ್ಲ. 2021ರ ನವೆಂಬರಿನಲ್ಲಿ ಕವಾಯಿಯ ದೊಡ್ಡ ತೈಲಾಧಾರಿತ ಘಟಕವೊಂದು ಹಠಾತ್ತನೆ ನಿಂತಾಗ ಜಾಲದಲ್ಲಿ ಅಸ್ಥಿರ ಕಂಪನಗಳು ಕಾಣಿಸಿಕೊಂಡವು. ಅದರ ಕಾರಣವನ್ನು ಪರಿಶೀಲಿಸಿ, ಬ್ಯಾಟರಿಗಳ ನಿಯಂತ್ರಣ ಕ್ರಮವನ್ನು ಮಾರ್ಪಡಿಸಬೇಕಾಯಿತು. ಇಂಥ ಪರಿಣತಿ ದ್ವೀಪದಲ್ಲೇ ಇರಬೇಕು. ಕೆಟ್ಟಾಗ ಮುಖ್ಯಭೂಮಿಯಿಂದ ಹಡಗಿನಲ್ಲಿ ಬರುವ ತಂತ್ರಜ್ಞನಿಗಾಗಿ ಕಾಯುವಂತಾಗಬಾರದು.

ಮಾಡಬೇಕಾದ ಕೆಲಸಗಳು ಅಸಾಧ್ಯವಾದವೇನಲ್ಲ. ಮೊದಲನೆಯದಾಗಿ, ಪ್ರತಿ ದ್ವೀಪದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ನಿಜವಾದ ವೆಚ್ಚವನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಎರಡನೆಯದಾಗಿ, ಇಷ್ಟು ಮೆಗಾವಾಟ್ ಫಲಕ ಎಂದು ಟೆಂಡರ್ ಕರೆಯುವ ಬದಲು, ಸಂಜೆ ಆರರಿಂದ ಹತ್ತರವರೆಗೆ ಇಷ್ಟು ಯೂನಿಟ್ ಪೂರೈಸಬೇಕೆಂಬ ಷರತ್ತಿನೊಡನೆ ದೀರ್ಘಾವಧಿಯ ದರ ಆಹ್ವಾನಿಸಬೇಕು. ಮೂರನೆಯದಾಗಿ, ಸ್ಥಳೀಯ ಯುವಕ ಯುವತಿಯರಿಗೆ ನಿರ್ವಹಣೆಯ ತರಬೇತಿ ನೀಡುವುದನ್ನೂ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ಅನುಗುಣವಾಗಿ ಹಳೆಯ ಬ್ಯಾಟರಿಗಳನ್ನು ಮುಖ್ಯಭೂಮಿಗೆ ಮರಳಿ ತರುವುದನ್ನೂ ಗುತ್ತಿಗೆಯಲ್ಲೇ ಸೇರಿಸಬೇಕು. ಡೀಸೆಲ್ ಸಹಾಯಧನಕ್ಕೆ ಈಗಾಗಲೇ ತೆರುತ್ತಿರುವ ಹಣದ ಒಂದು ಭಾಗವನ್ನು ಇತ್ತ ತಿರುಗಿಸಿದರೂ ಕೆಲಸ ಆರಂಭಿಸಬಹುದು.